ಗಾಡಿಗೂ ಯೂರಿಯಾ, ಗಾಡಿಗೂ ವಾಕಿಂಗ್

ಮೊದಲ ಸಲ ಆ ಹಳದಿ ದೀಪ ಹೊತ್ತಿಕೊಂಡಾಗ ನಾನು ಜೇವರ್ಗಿ ಬಸ್ ನಿಲ್ದಾಣದ ಎದುರು ಟಂಟಂಗಳ ನಡುವೆ ಸಿಕ್ಕಿಕೊಂಡಿದ್ದೆ. ಮೀಟರಿನ ಮೂಲೆಯಲ್ಲಿ ಸಣ್ಣ ಡಬ್ಬಿಯಂಥ ಚಿತ್ರ, ಅದರೊಳಗೆ ಚುಕ್ಕಿ ಚುಕ್ಕಿ. ಗಾಡಿ ಮನೆಗೆ ಬಂದು ಮೂರು ತಿಂಗಳೂ ಆಗಿರಲಿಲ್ಲ. ಸೀಟಿನ ಪ್ಲಾಸ್ಟಿಕ್ ಹೊದಿಕೆ ಕೂಡ ಇನ್ನೂ ಹಾಗೇ ಇತ್ತು, ತೆಗೆಯಲು ಅವ್ವ ಬಿಟ್ಟಿರಲಿಲ್ಲ. ಷೋರೂಮಿಗೆ ಫೋನ್ ಹಚ್ಚಿದೆ. ಆ ಕಡೆಯ ಹುಡುಗ ಶಾಂತವಾಗಿ ಕೇಳಿದ, ‘ಸರ, ಗಾಡಿ ದಿನಾ ಎಲ್ಲೆಲ್ಲಿ ಹೊಡೀತೀರಿ?’

‘ಮನಿಯಿಂದ ಸಾಲಿಗಿ, ಸಾಲಿಯಿಂದ ಹೊಲಕ್ಕ, ಹೊಲದಿಂದ ಮನಿಗಿ.’

‘ಅದಕ್ಕೇ ನೋಡ್ರಿ. ಹೈವೇಕ್ ಒಯ್ರಿ. ಅರ್ಧ ತಾಸು ನಿಲ್ಲಸ್ಲಾರದ ಒಂದೇ ಸ್ಪೀಡಿನಾಗ ಓಡಸ್ರಿ. ತಾನೇ ಹೋಗ್ತದ.’

ಮನೆಗೆ ಬಂದು ಹೇಳಿದರೆ ಹೆಂಡತಿ ನಕ್ಕಳು. ‘ಡಾಕ್ಟರು ನಿಮಗ ಹೇಳಿದ್ದೇ ಇದಕ್ಕೂ ಹೇಳ್ಯಾರ. ಗಾಡಿಗೂ ಸಕ್ಕರಿ ಬ್ಯಾನಿ ಅದ ಏನ್ರಿ?’

ಅಂದಿನಿಂದ ಭಾನುವಾರ ಬೆಳಿಗ್ಗೆ ನಾವು ಗಾಡಿಯನ್ನು ವಾಕಿಂಗಿಗೆ ಕರೆದುಕೊಂಡು ಹೋಗುತ್ತೇವೆ.

ಗಾಡಿಯ ಹೆಸರು ಬರೆಯುವುದಿಲ್ಲ. ಬರೆದರೆ ಹೊಗಳಿದ್ದು ಜಾಹೀರಾತಾಗುತ್ತದೆ, ಬೈದದ್ದು ಜಗಳವಾಗುತ್ತದೆ. ಎರಡು ಲೀಟರ್ ದಾಟಿದ ಡೀಸೆಲ್ ಎಂಜಿನ್, ಏಳು ಸೀಟು, ಕೈಯಿಂದ ಹಾಕುವ ಆರು ಗೇರು, ಎಳೆತ ಹಿಂದಿನ ಗಾಲಿಗಳಿಗೆ ಮಾತ್ರ, ಬಣ್ಣ ಬಿಳಿ, ನಂಬರ್ ಕೆಎ–32. ಇಷ್ಟು ಸಾಕು. ಜೇವರ್ಗಿಯ ಯಾವುದೇ ಕಲ್ಯಾಣ ಮಂಟಪದ ಮುಂದೆ ಲಗ್ನದ ದಿನ ನಿಂತರೆ ಇಂಥವು ಹತ್ತಾದರೂ ಕಾಣುತ್ತವೆ.

ಬುಕ್ ಮಾಡಿದ್ದು 2024ರಲ್ಲಿ, ತೊಗರಿ ಕ್ವಿಂಟಲಿಗೆ 10 ಸಾವಿರ ದಾಟಿದ್ದ ವರ್ಷ. ಈ ಭಾಗದ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ, ಅದರ ಸುದ್ದಿ ಪೇಪರಿನಲ್ಲಿ ಬಂದಿತ್ತು. ಕಂತು ಕಟ್ಟಲು ಶುರು ಮಾಡಿದ ಕೆಲವೇ ತಿಂಗಳಲ್ಲಿ ದರ 7 ಸಾವಿರದ ಹತ್ತಿರಕ್ಕೆ ಇಳಿದ ಸುದ್ದಿಯೂ ಬಂತು. ಮಾಸ್ತರಿಕೆಯ ಸಂಬಳ ಇಲ್ಲದಿದ್ದರೆ ಗಾಡಿ ಇಷ್ಟು ಹೊತ್ತಿಗೆ ಫೈನಾನ್ಸಿನವರ ಅಂಗಳದಲ್ಲಿ ನಿಂತಿರುತ್ತಿತ್ತು. ಇದರ ಮೇಲೆ ಇನ್ನೊಂದು ಹೊಟ್ಟೆಯುರಿ. ಆಗ ಇಂಥ ದೊಡ್ಡ ಗಾಡಿಗೆ ಜಿಎಸ್‌ಟಿ ಶೇ 28, ಅದರ ಮೇಲೆ ಸೆಸ್ ಶೇ 22, ಒಟ್ಟು ಶೇ 50. 2025ರ ಸೆಪ್ಟೆಂಬರ್ 22ರಿಂದ ಅದು ಒಂದೇ ಏಟಿಗೆ ಶೇ 40 ಆಯಿತು. ಒಂದು ವರ್ಷ ತಡೆದಿದ್ದರೆ ಉಳಿಯುತ್ತಿದ್ದ ರೊಕ್ಕದ ಲೆಕ್ಕವನ್ನು ನಮ್ಮ ಮಾವನವರು ಹಬ್ಬದ ಊಟಕ್ಕೆ ಕೂತಾಗಲೆಲ್ಲ ಹೋಳಿಗೆಯ ಜೊತೆ ಬಡಿಸುತ್ತಾರೆ. ರಾಜ್ಯದ ಆಜೀವ ತೆರಿಗೆ ಬೇರೆ: 10ರಿಂದ 20 ಲಕ್ಷದ ಗಾಡಿಗೆ ಶೇ 17, ಅದಕ್ಕೂ ಮೇಲಿನದಕ್ಕೆ ಶೇ 18. ಷೋರೂಮಿನ ಗಾಜಿನ ಮೇಲೆ ಅಂಟಿಸಿದ ಬೆಲೆ ನೋಡಿ ಒಳಗೆ ಹೋದವನು ಹೊರಬರುವಾಗ ಕಾಣುವ ಬೆಲೆಯೇ ಬೇರೆ.

‘ಈಗ ಯಾರ್ ಡೀಸೆಲ್ ತಗೋತಾರ’ ಎಂದು ಬೆಂಗಳೂರಿನಲ್ಲಿರುವ ತಮ್ಮ ಫೋನಿನಲ್ಲಿ ವಾದಿಸಿದ. ಅವನ ಮಾತು ಸುಳ್ಳಲ್ಲ. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆಯ ಮೇಲಿನ ಸರ್ಕಾರದ ಹಿಡಿತ ಹೋದ ಮೇಲೆ ಪೆಟ್ರೋಲಿಗೂ ಇದಕ್ಕೂ ಇದ್ದ ದೊಡ್ಡ ಅಂತರ ಕರಗಿತು. 2020ರಲ್ಲಿ ಮಾರುತಿಯವರು ಡೀಸೆಲ್ ಕಾರು ಮಾಡುವುದನ್ನೇ ಬಿಟ್ಟರು. ದಿಲ್ಲಿಯಲ್ಲಿ ಹತ್ತು ವರ್ಷ ತುಂಬಿದ ಡೀಸೆಲ್ ಗಾಡಿ ಓಡಿಸಬಾರದೆಂದು ಕೋರ್ಟೇ ಹೇಳಿದ್ದರಿಂದ ಅಲ್ಲಿನ ಹಳೆಯ ಗಾಡಿಗಳು ಎನ್‌ಒಸಿ ಹಿಡಿದು ದೇಶದ ಬೇರೆ ಊರುಗಳಿಗೆ ದಾರಿ ಹಿಡಿದವು. ಆದರೂ ನಾನು ಡೀಸೆಲ್ಲಿಗೇ ಅಂಟಿಕೊಂಡೆ. ಕಾರಣ ಕೇಳಿದವರಿಗೆ ಎಳೆತ, ಮೈಲೇಜು, ಪೆಟ್ರೋಲಿನಲ್ಲಿ ಬೆರೆಸುವ ಶೇ 20ರ ಎಥನಾಲ್ ಎಂದೆಲ್ಲ ಹೇಳಿದೆ. ನಿಜವಾದ ಕಾರಣ ಕಿವಿಯಲ್ಲಿದೆ.

ನಮ್ಮ ಕಡೆ ಡೀಸೆಲ್ ಅಂದರೆ ಮೊದಲು ಒಂದು ಸಪ್ಪಳ. ಊರಿಗೆ ಕರೆಂಟು ಸರಿಯಾಗಿ ಬರುವ ಮುಂಚೆ ಹಿಟ್ಟಿನ ಗಿರಣಿ ಡೀಸೆಲ್ ಎಂಜಿನ್ನಿನ ಮೇಲೆ ನಡೆಯುತ್ತಿತ್ತು. ಪುಕು ಪುಕು ಎಂದು ಶುರುವಾದರೆ ಹೆಂಗಸರು ಜೋಳದ ಬುಟ್ಟಿ ಹೊತ್ತು ಹೊರಡುತ್ತಿದ್ದರು. ಭೀಮೆಯ ದಂಡೆಗೆ ಎಂಜಿನ್ ಇಟ್ಟು ನೀರೆತ್ತುವವರಿದ್ದರು. ನಮ್ಮ ಮುತ್ಯಾ ಅದಕ್ಕೆ ಹ್ಯಾಂಡಲ್ ಹೊಡೆದು ಚಾಲೂ ಮಾಡುತ್ತಿದ್ದ. ಡೀಸೆಲ್ ಕಡಿಮೆ ಬಿದ್ದರೆ ಚಿಮಣಿ ಎಣ್ಣೆ ಬೆರೆಸುತ್ತಿದ್ದ. ಎಂಜಿನ್ ನಾಲ್ಕು ಸಲ ಕೆಮ್ಮಿ, ಕಪ್ಪು ಹೊಗೆ ಉಗುಳಿ, ಮತ್ತೆ ಪುಕು ಪುಕು ಅನ್ನುತ್ತಿತ್ತು. ಮುತ್ಯಾನದು ಅನ್ಯಾಯವೇನಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ರುಡಾಲ್ಫ್ ಡೀಸೆಲ್‌ನ ಎಂಜಿನ್ನನ್ನು ಶೇಂಗಾ ಎಣ್ಣೆ ಹಾಕಿಯೇ ಓಡಿಸಿ ತೋರಿಸಿದ್ದರು. ಕೊಟ್ಟದ್ದನ್ನು ಕುಡಿದು ದುಡಿಯುವುದು ಆ ಎಂಜಿನ್ನಿನ ಹುಟ್ಟುಗುಣ.

ತಹಶೀಲ್ದಾರರ ಜೀಪು, ಎಲೆಕ್ಷನ್ ಜೀಪು, ಹನ್ನೆರಡು ಸೀಟಿನಲ್ಲಿ ಇಪ್ಪತ್ತೆರಡು ಮಂದಿ ತುಂಬಿಕೊಂಡು ಸಿಂದಗಿ ಕಡೆ ಓಡುವ ಕ್ರೂಸರ್, 2000ದಲ್ಲಿ ಬಂದ ಬೊಲೆರೊ, 2002ರ ಸ್ಕಾರ್ಪಿಯೊ, ಎಲ್ಲವೂ ಅದೇ ಗುಣದವು. ತಗ್ಗು, ರಾಡಿ, ಧೂಳು, ಕಲಬೆರಕೆ ಎಣ್ಣೆ, ಅರೆಬರೆ ಸರ್ವೀಸು, ಯಾವುದಕ್ಕೂ ಚಕಾರ ಎತ್ತುತ್ತಿರಲಿಲ್ಲ. ಹೊಗೆ ಬಿಡುತ್ತಿದ್ದವು, ಅದನ್ನು ಹಿಂದೆ ಬರುವವರು ಕುಡಿಯುತ್ತಿದ್ದರು.

ಅದು ಮುಗಿದದ್ದು 2020ರ ಏಪ್ರಿಲ್ 1ಕ್ಕೆ. ಬಿಎಸ್–6 ನಿಯಮ ಬಂತು, ಡೀಸೆಲ್‌ನಲ್ಲಿರುವ ಗಂಧಕ ಹತ್ತು ಲಕ್ಷಕ್ಕೆ 50 ಪಾಲು ಇದ್ದದ್ದು 10 ಪಾಲಿಗೆ ಇಳಿಯಿತು. ಹೊಗೆ ಕೊಳವೆಯ ದಾರಿಯಲ್ಲಿ ಡಿಪಿಎಫ್ ಎಂಬ ಜರಡಿ ಕೂತಿತು. ಜೇನುಗೂಡಿನ ಹಾಗೆ ಸಣ್ಣ ಸಣ್ಣ ಓಣಿಗಳಿರುವ ಪಿಂಗಾಣಿ ಡಬ್ಬಿ ಅದು. ಹೊಗೆಯಲ್ಲಿನ ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ತುಂಬುತ್ತ ಬಂದಾಗ ಎಂಜಿನ್ ತಾನೇ ಒಂದಿಷ್ಟು ಹೆಚ್ಚಿನ ಡೀಸೆಲ್ ಬಿಟ್ಟು, ಒಳಗಿನ ಕಾವನ್ನು 600 ಡಿಗ್ರಿಯ ಸುತ್ತ ಏರಿಸಿ, ಮಸಿಯನ್ನು ಸುಟ್ಟು ಬೂದಿ ಮಾಡುತ್ತದೆ. ಇದಕ್ಕೆ ಹದಿನೈದಿಪ್ಪತ್ತು ನಿಮಿಷ ಬಿಡದೆ ಓಡಬೇಕು. ನಮ್ಮ ಹೊಲ ಇರುವುದು ಊರಿನಿಂದ ಆರು ಕಿಲೊಮೀಟರಿಗೆ. ಎಂಜಿನ್ ಮೈ ಬಿಸಿ ಮಾಡಿಕೊಳ್ಳುವಷ್ಟರಲ್ಲಿ ನಾನು ಚಾವಿ ತಿರುವಿ ಇಳಿದಿರುತ್ತೇನೆ. ಒಲೆ ಹೊತ್ತಿಸಿ, ಹಂಚು ಕಾಯುವ ಮೊದಲೇ ನೀರು ಸುರಿದ ಹಾಗೆ.

ಹೀಗೆ ನಡುವೆಯೇ ನಿಲ್ಲಿಸುತ್ತ ಹೋದರೆ ಸುಡದೆ ಉಳಿದ ಡೀಸೆಲ್ ಕೆಳಗಿಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ನಮ್ಮ ಓಣಿಯ ಗ್ಯಾರೇಜಿನ ಚಾಚಾ ಒಂದು ದಿನ ಸುಮ್ಮನೆ ಬಾನೆಟ್ ಎತ್ತಿ, ಕಡ್ಡಿ ಎಳೆದು ನೋಡಿ, ಬಟ್ಟೆಯಿಂದ ಒರೆಸಿ, ಮತ್ತೆ ಅದ್ದಿ ನೋಡಿದರು. ನಲವತ್ತು ವರ್ಷದಿಂದ ಅವರು ನೋಡಿದ್ದು ಆಯಿಲ್ ಕಡಿಮೆಯಾಗುವುದನ್ನು.

‘ಮಾಸ್ತರ್ರೆ, ಆಯಿಲ್ ಹೆಚ್ಚಾಗ್ಯಾದ! ಇದೇನ್ ಗಾಡಿನೋ, ಹೈನನೋ?’

ಅವರಿಗೆ ನಾನು ಮೇಲೆ ಬರೆದದ್ದನ್ನೆಲ್ಲ ವಿವರಿಸಿದೆ. ಕಡ್ಡಿ ವಾಪಸ್ ಸಿಗಿಸಿ ಬಾನೆಟ್ ಮುಚ್ಚಿದರು. ‘ನೀವು ಇದಕ್ಕ ಹೊಲ ತೋರಸಬ್ಯಾಡ್ರಿ. ಗುಲಬರ್ಗಾ ತೋರಸ್ರಿ’ ಎಂದರು. ಊರಿನ ಹೆಸರು ಬದಲಾಗಿ ಹತ್ತು ವರ್ಷ ಕಳೆದರೂ ಚಾಚಾನ ಬಾಯಲ್ಲಿ ಅದು ಗುಲಬರ್ಗಾವೇ.

ಹಾಗಾಗಿ ವಾಕಿಂಗ್. ಜೇವರ್ಗಿ ಎರಡು ಹೆದ್ದಾರಿ ಕೂಡುವ ಊರು. ಬೀದರ್, ಕಲಬುರಗಿಯಿಂದ ಬಂದು ವಿಜಯಪುರದ ಕಡೆ ಹೋಗುವ 50, ಇಲ್ಲಿಂದ ಹೊರಟು ಶಹಾಪುರ, ಸುರಪುರ, ಬಳ್ಳಾರಿ ಹಾದು ಚಾಮರಾಜನಗರದವರೆಗೆ ಹೋಗುವ 150ಎ. ಮನಸ್ಸು ಮಾಡಿದರೆ ಗಾಡಿಯನ್ನು ರಾಜ್ಯದ ಆ ತುದಿಯವರೆಗೂ ನಡೆಸಿಕೊಂಡು ಹೋಗಬಹುದು. ನಮ್ಮ ಹಾದಿ ಮಾತ್ರ ಸಾಮಾನ್ಯವಾಗಿ ಕಟ್ಟಿಸಂಗಾವಿಯ ಭೀಮಾ ಸೇತುವೆ ದಾಟಿ ಕಲಬುರಗಿಗೆ, ನಲವತ್ತು ಕಿಲೊಮೀಟರ್. ಶರಣಬಸವೇಶ್ವರ ಗುಡಿಗೆ ಒಂದು ಕಾಯಿ, ಮಕ್ಕಳಿಗೆ ಒಂದು ದೋಸೆ, ವಾಪಸ್.

ಈ ಎಂಜಿನ್ನಿನ ರುಚಿ ಸಿಗುವುದೂ ಇಲ್ಲೇ. 1,700 ಸುತ್ತಿನ ಕೆಳಗೆ ಅದು ಊಟ ಮಾಡಿ ಕೂತವರ ಹಾಗೆ. ಹಳ್ಳಿಯ ಮುಂದಿನ ಹಂಪ್ಸ್ ದಾಟಿ ಮೂರನೇ ಗೇರಿನಲ್ಲೇ ಎಳೆಸಲು ಹೋದರೆ ಗೊರಗೊರ ಎಂದು ಮುನಿಸಿಕೊಳ್ಳುತ್ತದೆ, ಎರಡಕ್ಕೆ ಇಳಿಸಲೇಬೇಕು. ಆ ಗೆರೆ ದಾಟಿತೋ, ಬೆನ್ನಿಗೆ ಯಾರೋ ಅಂಗೈ ಇಟ್ಟು ನೂಕಿದ ಹಾಗೆ ಹೋಗುತ್ತದೆ. ಹತ್ತಿಯ ಅಂಡಿಗೆಗಳನ್ನು ಎರಡೂ ಮಗ್ಗುಲಿಗೆ ಹೊರಚಾಚಿ ರಸ್ತೆ ತುಂಬ ಓಲಾಡುವ ಲಾರಿಯನ್ನು ದಾಟುವಾಗ ಆ ನೂಕುಬಲದ ಬೆಲೆ ಗೊತ್ತಾಗುತ್ತದೆ. 80ರ ವೇಗದಲ್ಲಿ ಆರನೇ ಗೇರು ಹಾಕಿದರೆ ಎಂಜಿನ್ ಇದೆಯೋ ಇಲ್ಲವೋ ಅನ್ನುವಷ್ಟು ಸದ್ದಡಗುತ್ತದೆ. ನನಗೆ ಅದು ಸ್ವಲ್ಪ ನಿರಾಸೆಯೇ. ಡೀಸೆಲ್ ಕೊಂಡದ್ದೇ ಸಪ್ಪಳಕ್ಕೆ.

ಮೈಲೇಜಿನ ವಿಷಯದಲ್ಲಿ ಮೀಟರನ್ನು ನಂಬಬೇಡಿ. ಟ್ಯಾಂಕ್ ತುಂಬಿಸಿ, ಮತ್ತೆ ತುಂಬಿಸಿ ಲೆಕ್ಕ ಹಾಕಿದರೆ ನನ್ನ ಗಾಡಿಯ ಮೀಟರು ಪ್ರತಿಸಲ ಒಂದೂವರೆ ಕಿಲೊಮೀಟರ್ ಸುಳ್ಳು ಹೇಳುತ್ತದೆ. ಹೆದ್ದಾರಿಯಲ್ಲಿ ಲೀಟರಿಗೆ ಹದಿನಾಲ್ಕು, ಹದಿನಾಲ್ಕೂವರೆ. ಊರೊಳಗೆ ಹತ್ತು. ಮಸಿ ಸುಡುವ ದಿನ ಅದೂ ಇಲ್ಲ.

ಕುಲುಕಾಟದ ಬಗ್ಗೆ ದೂರಬೇಕಾದದ್ದು ಗಾಡಿಯನ್ನಲ್ಲ, ನೆಲವನ್ನು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಮೇ ತಿಂಗಳಲ್ಲಿ ನಮ್ಮ ಹೊಲದ ಬಿರುಕಿನೊಳಗೆ ಮೊಣಕೈವರೆಗೆ ಕೈ ಇಳಿಸಬಹುದು. ಅಂಥ ಮಣ್ಣಿನ ಮೇಲೆ ಹಾಸಿದ ಡಾಂಬರು ನೆಟ್ಟಗಿರುವುದಾದರೂ ಹೇಗೆ? ತಗ್ಗು ಇಲ್ಲದ ಕಡೆಯೂ ಒಳರಸ್ತೆಗಳು ನೀರಿನ ತೆರೆಯ ಹಾಗೆ ಏಳುತ್ತ ಬೀಳುತ್ತ ಹೋಗುತ್ತವೆ. ಚಾಸಿಯ ಮೇಲೆ ಮೈ ಕೂರಿಸಿದ ಎತ್ತರದ ಗಾಡಿ ಇದಾದ್ದರಿಂದ ಆ ತೆರೆಗಳ ಮೇಲೆ ಹಿಂದಿನ ಸೀಟಿನವರು ತೊಟ್ಟಿಲಲ್ಲಿ ಕೂತ ಹಾಗೆ ತೂಗುತ್ತಾರೆ. ಮೂರನೇ ಸಾಲಿನಲ್ಲಿ ಕೂತು ಯಡ್ರಾಮಿಗೆ ಹೋಗಿಬಂದ ನನ್ನ ಅಳಿಯ ಈಗ ಮುಂದಿನ ಸೀಟು ಖಾಲಿ ಇದೆ ಅಂದರಷ್ಟೇ ಬರುತ್ತಾನೆ.

ಕಬ್ಬಿನ ಹಂಗಾಮಿನಲ್ಲಿ ಕತ್ತಲಾದ ಮೇಲೆ ಈ ಹೆದ್ದಾರಿಗೆ ಇಳಿಯಲು ನನಗೆ ಇಷ್ಟವಿಲ್ಲ. ಒಂದು ಟ್ರ್ಯಾಕ್ಟರ್, ಅದರ ಹಿಂದೆ ಎರಡು ಟ್ರೇಲರ್, ಹಿಂದೆ ಒಂದು ಕೆಂಪು ದೀಪವೂ ಇಲ್ಲ. ಹತ್ತಿರ ಹೋದ ಮೇಲಷ್ಟೇ ಕಬ್ಬಿನ ಸೋಗೆ ಬೆಳಕಿಗೆ ಮಿಂಚುತ್ತದೆ. ಹೊಸ ಗಾಡಿಯ ಉಕ್ಕು ಗಟ್ಟಿ, ಆರು ಏರ್‌ಬ್ಯಾಗ್ ಇವೆ, ಎಲ್ಲ ಸರಿ. ಆದರೆ 2025ರ ಏಪ್ರಿಲ್‌ನಲ್ಲಿ ಇದೇ ತಾಲ್ಲೂಕಿನ ನೆಲೋಗಿ ಕ್ರಾಸ್ ಹತ್ತಿರ ನಿಂತ ಲಾರಿಗೆ ವ್ಯಾನ್ ಬಡಿದು ಬಾಗಲಕೋಟೆ ಕಡೆಯ ಐವರು ಹೋದರು. ಅದೇ ನವೆಂಬರ್‌ನಲ್ಲಿ ಐಎಎಸ್ ಅಧಿಕಾರಿ ಮಹಾಂತೇಶ ಬೀಳಗಿ ಅವರು ಕಾರು ಉರುಳಿ ತೀರಿಕೊಂಡದ್ದು ಜೇವರ್ಗಿಯ ಹತ್ತಿರವೇ. ಆಮೇಲೆ ಅವ್ವ ನನ್ನ ಪಕ್ಕ ಕೂತರೆ ಮೀಟರಿನ ಮುಳ್ಳಿನ ಮೇಲೆಯೇ ಕಣ್ಣಿಡುತ್ತಾಳೆ. 80 ದಾಟಿದರೆ ಮಾತಿಲ್ಲ, ಬರೇ ಗಂಟಲು ಸರಿಮಾಡಿಕೊಳ್ಳುತ್ತಾಳೆ. ಗಾಡಿಯಲ್ಲಿರುವ ಎಲ್ಲ ಎಚ್ಚರಿಕೆ ಗಂಟೆಗಳಿಗಿಂತ ಅದು ಜೋರು.

ಅವ್ವ ಗಾಡಿ ಹತ್ತುವುದೇ ಮೊದಮೊದಲು ದೊಡ್ಡ ಕೆಲಸವಾಗಿತ್ತು. ಪಾವಟಿಗೆ ಮೊಣಕಾಲಿನ ಎತ್ತರಕ್ಕಿದೆ. ಇಳಕಲ್ ಸೀರೆಯ ನಿರಿಗೆ ಒಂದು ಕೈಯಲ್ಲಿ, ಬಾಗಿಲ ಮೇಲಿನ ಹಿಡಿಕೆ ಇನ್ನೊಂದು ಕೈಯಲ್ಲಿ, ಕೆಳಗೆ ಪ್ಲಾಸ್ಟಿಕ್ ಸ್ಟೂಲು, ಹಿಂದಿನಿಂದ ಹಿಡಿದುಕೊಳ್ಳಲು ಸೊಸೆ. ಒಂದು ದಿನ ಅವ್ವನೇ ದಾರಿ ಹುಡುಕಿದಳು. ‘ಯಪ್ಪಾ, ಗಾಡಿ ಕಟ್ಟಿಗಿ ಹಚ್ಚಿ ನಿಲ್ಸು’ ಎಂದಳು. ಮನೆಯ ಮುಂದಿನ ಕಟ್ಟೆಗೆ ಒತ್ತಿ ನಿಲ್ಲಿಸಿದೆ. ಕಟ್ಟೆಯ ಎತ್ತರವೂ ಗಾಡಿಯ ತಳದ ಎತ್ತರವೂ ಅಳತೆ ಹಿಡಿದು ಮಾಡಿಸಿದ ಹಾಗೆ ಸಮ. ಅಡುಗೆಮನೆಯಿಂದ ಪಡಸಾಲೆಗೆ ಬಂದಷ್ಟು ಸಲೀಸಾಗಿ ಒಳಗೆ ಕಾಲಿಟ್ಟಳು. ಅಂದಿನಿಂದ ಯಾವ ನೆಂಟರ ಮನೆಗೆ ಹೋದರೂ ಮೊದಲು ಅವರ ಕಟ್ಟೆ ನೋಡುತ್ತೇವೆ.

ಇನ್ನು ರಾಡಿಯ ಪುರಾಣ. ಹೋದ ಸೆಪ್ಟೆಂಬರ್‌ನಲ್ಲಿ ಉತ್ತರಿ ಮಳೆ ಹಿಡಿದು ಬಿಟ್ಟಿದ್ದ ಒಂದು ಸಂಜೆ, ತೊಗರಿ ಏನಾಗಿದೆ ನೋಡೋಣ ಎಂದು ಹೊಲದ ಹಾದಿಗೆ ಇಳಿಸಿದೆ. ಟಿವಿ ಜಾಹೀರಾತಿನಲ್ಲಿ ಇಂಥ ಗಾಡಿಗಳು ಬೆಟ್ಟ, ನದಿ ಎಲ್ಲವನ್ನೂ ಸೀಳಿಕೊಂಡು ಹೋಗುತ್ತವೆ. ಅಲ್ಲಿ ಎರೆಮಣ್ಣು ಇರುವುದಿಲ್ಲ. ನೂರು ಗಜ ಹೋಗುವಷ್ಟರಲ್ಲಿ ಟೈರಿನ ಗೀರುಗಳೆಲ್ಲ ಮುಚ್ಚಿ, ನಾದಿದ ಹಿಟ್ಟು ಮೆತ್ತಿದ ಲಟ್ಟಣಿಗೆಯ ಹಾಗಾದವು. ಗಾಲಿ ತಿರುಗುತ್ತಿದೆ, ಗಾಡಿ ಕದಲುತ್ತಿಲ್ಲ. ಒತ್ತಿದಷ್ಟೂ ಹಿಂಭಾಗ ಬದುವಿನ ಕಡೆ ಜಾರುತ್ತಿದೆ. ಅಷ್ಟು ಎಳೆತದ ಎಂಜಿನ್ನು ಅಲ್ಲಿ ಮಾಡಿದ ಕೆಲಸವೆಂದರೆ ತನಗೆ ತಾನೇ ಇನ್ನಷ್ಟು ಆಳವಾದ ಗುಂಡಿ ತೋಡಿಕೊಂಡದ್ದು. ಪಕ್ಕದ ಹೊಲದ ಕಾಕಾ ಬದುವಿನ ಮೇಲೆ ಬಂದು ನಿಂತು, ಬೀಡಿ ಮುಗಿಯುವವರೆಗೆ ನೋಡಿದರು.

‘ಟ್ರ್ಯಾಕ್ಟರ್ ತರಸ್ಲೇನು ಕಾಕಾ?’

‘ಅದೂ ಇಲ್ಲೇ ಕೂಡ್ತದ. ಬಿಟ್ಟು ನಡಿ. ಬಿಸಲು ಬಿದ್ರ ಗಾಡಿ ತಾನೇ ಬರ್ತದ.’

ಎರಡು ರಾತ್ರಿ ಗಾಡಿ ತೊಗರಿಯ ಪಕ್ಕದಲ್ಲಿ ಮಲಗಿತು. ಮೂರನೇ ದಿನ ಬಿಸಿಲು ಬಿದ್ದು ಮೇಲ್ಪದರ ಬಿಗಿಯಿತು. ಹೋಗಿ ಚಾಲೂ ಮಾಡಿದರೆ, ಕಾಕಾ ಹೇಳಿದ ಹಾಗೆ, ಏನೂ ಆಗಿಲ್ಲವೆಂಬಂತೆ ಹೊರಬಂತು. ಗಾಲಿಯ ಗೂಡಿನೊಳಗೆ ಮೆತ್ತಿದ ಮಣ್ಣು ಮಾತ್ರ ಇಟ್ಟಂಗಿಯಾಗಿತ್ತು. ಅದನ್ನು ಕುರಪಿಯಿಂದ ಕೆತ್ತುತ್ತ ನಾನೂ ಮಗಳೂ ಒಂದು ಮಧ್ಯಾಹ್ನ ಕಳೆದೆವು.

ಅದೇ ತಿಂಗಳ ಕೊನೆಗೆ ಭೀಮೆ ಉಕ್ಕಿ ಬಂದಳು. ಮಹಾರಾಷ್ಟ್ರದ ಮಳೆ, ಅಲ್ಲಿನ ಉಜನಿ ಜಲಾಶಯದಿಂದ ಬಿಟ್ಟ ನೀರು, ಸೊನ್ನ ಬ್ಯಾರೇಜಿನ ಗೇಟುಗಳು ತೆರೆದದ್ದು, ಎಲ್ಲ ಸೇರಿ ಕಟ್ಟಿಸಂಗಾವಿ ಸೇತುವೆಯ ಮೇಲಿನ ಓಡಾಟವೇ ನಿಂತಿತು. ಊರುಗಳೇ ನೀರಿನಲ್ಲಿ ನಿಂತಿದ್ದಾಗ ನನ್ನ ಗಾಡಿಯ ಹಳದಿ ದೀಪ ಯಾರಿಗೆ ಬೇಕು? ಆದರೆ ಅದು ಆಗಲೇ ಹೊತ್ತಬೇಕಿತ್ತು, ಹೊತ್ತಿತು. ಕಲಬುರಗಿಯ ದಾರಿ ಇಲ್ಲ. ಶಹಾಪುರದ ಕಡೆ ಅರ್ಧ ತಾಸು ಓಡಿಸಿ, ಕಾರಣವಿಲ್ಲದೆ ಯೂಟರ್ನ್ ಹೊಡೆದು ವಾಪಸ್ ಬಂದೆ. ದಾರಿಯಲ್ಲಿ ಪರಿಚಯದವರೊಬ್ಬರು ಕೈ ಮಾಡಿ ನಿಲ್ಲಿಸಿ, ಎಲ್ಲಿಗೆ ಹೋಗಿದ್ದಿರಿ ಎಂದರು. ಮಸಿ ಸುಡಲು ಎಂದು ಹೇಳುವ ಧೈರ್ಯವಾಗಲಿಲ್ಲ.

ಮಸಿ ಸುಡುವುದರಲ್ಲಿ ಇನ್ನೊಂದು ಗಂಡಾಂತರವಿದೆ, ಅದು ರಾಶಿಯ ದಿನಗಳದ್ದು. ನಮ್ಮ ಕಡೆ ಒಳರಸ್ತೆಗಳೇ ಕಣ. ಕೊಯ್ದ ಪೈರನ್ನು ಡಾಂಬರಿನ ಮೇಲೆ ಹರವಿಬಿಟ್ಟರೆ ಹೋಗಿಬರುವ ಗಾಡಿಗಳೇ ತುಳಿದು ಕಾಳು ಬಿಡಿಸುತ್ತವೆ. ಈ ಜನವರಿಯ ಒಂದು ಭಾನುವಾರ ವಾಕಿಂಗ್ ಮುಗಿಸಿ, ಒಳದಾರಿ ಹಿಡಿದು ಬರುವಾಗ ಅಂಥ ಹೊಟ್ಟಿನ ಮೇಲೆ ಹಾದೆ. ಒಂದೆರಡು ಕಿಲೊಮೀಟರ್ ಆಚೆ ಸುಟ್ಟ ವಾಸನೆ. ಇಳಿದು ಬಗ್ಗಿ ನೋಡಿದರೆ ಒಣ ಕಟ್ಟಿಗೆಕಡ್ಡಿ, ಹೊಟ್ಟು ಕೊಳವೆಯ ಸುತ್ತ ಗೂಡು ಕಟ್ಟಿದೆ, ಸಣ್ಣಗೆ ಹೊಗೆಯಾಡುತ್ತಿದೆ. ಮೇಲಿನ ಡಬ್ಬಿಯಲ್ಲಿ ಮಸಿ ಸುಡುತ್ತಿರುವ ಹೊತ್ತೇ ಅದು. ರಸ್ತೆಯ ಮೇಲೆ ಅಂಗಾತ ಮಲಗಿ, ಮಗಳ ಕೊಡೆಯ ಕೊಕ್ಕೆಯಿಂದ ಒಂದೊಂದೇ ಎಳೆ ಎಳೆದು ತೆಗೆದೆ. ಒಣ ಹುಲ್ಲಿನ ಮೇಲೆ ನಿಲ್ಲಿಸಬೇಡಿ ಎಂದು ಪುಸ್ತಕದಲ್ಲಿ ಬರೆದಿದ್ದಾರೆ. ರಸ್ತೆಯೇ ಒಣ ಹುಲ್ಲಾದರೆ ಏನು ಮಾಡಬೇಕೆಂದು ಬರೆದಿಲ್ಲ. ಈಗ ಗಾಡಿಯಲ್ಲಿ ಐದು ಲೀಟರಿನ ನೀರಿನ ಕ್ಯಾನು ಕಾಯಂ ಇದೆ.

ಹದಿನೈದು ತಿಂಗಳಲ್ಲಿ 22 ಸಾವಿರ ಕಿಲೊಮೀಟರ್ ಓಡಿದೆ. ಎಸಿ ಚೆನ್ನಾಗಿದೆ, ಮೇ ತಿಂಗಳ 43 ಡಿಗ್ರಿಯಲ್ಲೂ ಹಿಂದಿನ ಸೀಟಿನವರು ಶಾಲು ಕೇಳಿದ್ದಾರೆ. ಹಳೆ ಊರಿನ ಓಣಿಗೆ ಇದು ಹಿಡಿಸುವುದಿಲ್ಲ, ಕನ್ನಡಿ ಮಡಚಿ ಉಸಿರು ಬಿಗಿಹಿಡಿದು ಹೋಗಬೇಕು. ಮಾತು ಕೇಳಿ ಕೆಲಸ ಮಾಡುವ ಯಂತ್ರಕ್ಕೆ ಹಿಂದಿ, ಇಂಗ್ಲಿಷ್ ಬರುತ್ತದೆ. ‘ಎಸಿ ಜರಾ ಕಡಿಮಿ ಮಾಡು’ ಎಂದರೆ ಯಾರಿಗೋ ಫೋನ್ ಹಚ್ಚುತ್ತದೆ.

ಉಳಿದದ್ದು ಯೂರಿಯಾ. ಹೊಗೆಯಲ್ಲಿನ ಸಾರಜನಕದ ವಿಷವನ್ನು ಮುರಿಯಲು ಈ ಎಂಜಿನ್ನಿಗೆ ಇನ್ನೊಂದು ದ್ರವ ಬೇಕು. ಡಬ್ಬಿಯ ಮೇಲೆ ಡಿಇಎಫ್ ಎಂದು ಬರೆದಿರುತ್ತದೆ, ಲಾರಿಯವರು ನೇರವಾಗಿ ಯೂರಿಯಾ ಅನ್ನುತ್ತಾರೆ. ನೂರು ಪಾಲಿನಲ್ಲಿ 32.5 ಪಾಲು ಶುದ್ಧ ಯೂರಿಯಾ, ಉಳಿದದ್ದು ಲವಣ ತೆಗೆದ ನೀರು. ಮುಗಿದರೆ ಎಂಜಿನ್ ಚಾಲೂ ಆಗುವುದಿಲ್ಲ. 2021ರ ಅಕ್ಟೋಬರ್‌ನಲ್ಲಿ ಚೀನಾ ಯೂರಿಯಾ ರಫ್ತಿಗೆ ಕಡಿವಾಣ ಹಾಕಿದ ಮೇಲೆ ದಕ್ಷಿಣ ಕೊರಿಯಾದ ಲಾರಿಗಳು ಇದಕ್ಕಾಗಿಯೇ ಸಾಲುಗಟ್ಟಿದ್ದವು. 2025ರ ಮುಂಗಾರಿನಲ್ಲಿ ನಮ್ಮ ರೈತರು ಬೆಳಗಿನ ಜಾವದಿಂದ ಚಪ್ಪಲಿ ಸಾಲಿಗಿಟ್ಟು ನಿಂತದ್ದೂ ಯೂರಿಯಾಕ್ಕೇ.

ಹೋದ ವಾರ ಹತ್ತು ಲೀಟರಿನ ಡಬ್ಬಿ ತಂದು ಕಟ್ಟೆಯ ಮೇಲಿಟ್ಟಿದ್ದೆ. ಬದುವಿನ ಮೇಲೆ ಬೀಡಿ ಸೇದಿದ ಅದೇ ಕಾಕಾ ಬಂದರು.

‘ಏನೋ ತಮ್ಮಾ ಇದು?’

‘ಯೂರಿಯಾ ಕಾಕಾ. ಗಾಡಿಗಿ.’

ಕಾಕಾ ಗಾಡಿಯನ್ನು ನೋಡಿದರು, ಡಬ್ಬಿಯನ್ನು ನೋಡಿದರು. ‘ಆಧಾರ್ ಕೊಡಬೇಕಾತೇನು? ಹೆಬ್ಬಟ್ಟು?’

‘ಇಲ್ಲ.’

‘ಎಷ್ಟ್ ಕೊಟ್ಟಿ?’

ಹೇಳಿದೆ, 680. ಕಾಕಾ ಲೆಕ್ಕಕ್ಕೆ ಕೂತರು. ಹತ್ತು ಲೀಟರಿನಲ್ಲಿರುವ ಯೂರಿಯಾ ಸುಮಾರು ಮೂರೂವರೆ ಕೆ.ಜಿ. ಅವರು ನಿಂತು ತಂದ 45 ಕೆ.ಜಿ.ಯ ಚೀಲಕ್ಕೆ 266 ರೂಪಾಯಿ 50 ಪೈಸೆ. ‘ಹುಚ್ಚ, ನಾ ಒಂದ್ ಬೊಗಸಿ ಕೊಡ್ತೀನಿ, ಬೋರಿನ ನೀರಾಗ ಕದಡಿ ಹಾಕು’ ಎಂದರು. ಅದರಿಂದ ಲಕ್ಷದ ಮೇಲಿನ ರಿಪೇರಿ ಬರುತ್ತದೆ, ಗೊಬ್ಬರದ ಯೂರಿಯಾಕ್ಕೆ ಬೇವಿನ ಎಣ್ಣೆ ಸವರಿರುತ್ತಾರೆ, ನಮ್ಮ ಬೋರಿನ ಉಪ್ಪು ಒಳಗಿನ ಸೂಜಿಬಾಯಿ ಕಟ್ಟಿಬಿಡುತ್ತದೆ ಎಂದು ಹೇಳಿದೆ. ಅವರಿಗೆ ಅದು ಹಿಡಿಸಲಿಲ್ಲ. ನಾನು ನೀಲಿ ಮುಚ್ಚಳ ತೆರೆದು ಸುರಿಯುವುದನ್ನು ಕೊನೆಯವರೆಗೂ ನಿಂತು ನೋಡಿದರು. ಚೆಲ್ಲಿದ ಒಂದು ಹನಿಯನ್ನು ಬೆರಳಿನಲ್ಲಿ ಉಜ್ಜಿ, ಒಣಗಿ ಬೆಳ್ಳಗಾದದ್ದನ್ನು ಮೂಸಿ, ‘ಖರೇನ ಯೂರಿಯಾ’ ಎಂದು ಒಪ್ಪಿದರು. ಡಬ್ಬಿಯ ತಳದಲ್ಲಿ ಒಂದು ಲೋಟದಷ್ಟು ಉಳಿದಿತ್ತು. ಅದಕ್ಕೆ ಕೊಡಪಾನದಿಂದ ನೀರು ಬೆರೆಸಿ, ಕುಲುಕಿ, ಒಯ್ದು ತಮ್ಮ ಹಿತ್ತಲಿನ ಕರಿಬೇವಿನ ಬುಡಕ್ಕೆ ಹಾಕಿದರು.

ಇವತ್ತು ಬೆಳಿಗ್ಗೆ ವಾಕಿಂಗಿಗೆ ಹೊರಡಲು ಗಾಡಿಯನ್ನು ಕಟ್ಟೆಗೆ ಒತ್ತಿ ನಿಲ್ಲಿಸಿದ್ದೆ. ಅವ್ವ ಒಳಗೆ ಕಾಲಿಡುತ್ತಿದ್ದಳು. ಕಾಕಾ ಹಿತ್ತಲಿನಿಂದಲೇ ಕೂಗಿ ಕೇಳಿದರು, ‘ತಮ್ಮಾ, ಅದು ಮತ್ತ ಯಾವಾಗ ಮುಗೀತದೋ?’